ಇಪ್ಪತ್ತೈದೋ, ಐದಿಪ್ಪತ್ತೋ?

ಗಡಹಿಂಗ್ಲಜ ಕಡೆ ಕನ್ನಡ ಮನೆಯಲ್ಲಿ ಹುಟ್ಟಿ ಮರಾಠಿ ಶಾಲೆ ಸೇರಿದ ಮಗು ಎಣಿಕೆಯನ್ನು ಎರಡು ಸಲ ಕಲಿಯಬೇಕು. ಮನೆಯಲ್ಲಿ ‘ಇಪ್ಪತ್ತೈದು’, ಶಾಲೆಯಲ್ಲಿ ‘ಪಂಚವೀಸ್’. ಕನ್ನಡ ಹತ್ತನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಹೇಳುತ್ತದೆ, ಮರಾಠಿಯದು ಉಲ್ಟಾ. ಬರೆಯುವಾಗ ಮಾತ್ರ ಎರಡರಲ್ಲೂ ಮೊದಲು 2, ಆಮೇಲೆ 5. ‘ತ್ರೇಪನ್ನ’ ಎಂದಾಗ ಕಿವಿಗೆ ಮೂರು ಮೊದಲು ಬೀಳುತ್ತದೆ, 53 ಬರೆಯಬೇಕಾದ ಕೈ 35ರತ್ತ ಎಳೆಯುತ್ತದೆ. ‘ಏಕೋಣತೀಸ್’ ಅಂತೂ ಮೂವತ್ತಕ್ಕೆ ಒಂದು ಕಮ್ಮಿ: ಎಣಿಸುವ ಮೊದಲೇ ಕಳೆಯಬೇಕು! ಮುಂದೆ ಕೊಲ್ಹಾಪುರದ ಕಾಲೇಜಿಗೆ ಬಂದರೆ ಇಂಗ್ಲಿಷಿನ ‘ಟ್ವೆಂಟಿ ಫೈವ್’. ಅಂದರೆ ಮತ್ತೆ ಮನೆಯ ದಾರಿ, ಆದರೆ ಅಷ್ಟು ಹೊತ್ತಿಗೆ ‘ನನಗೆ ಲೆಕ್ಕ ಬರೋದಿಲ್ಲ’ ಎಂಬುದು ಬಾಯಿಪಾಠ ಆಗಿರುತ್ತದೆ. ಬಾರದ್ದು ಲೆಕ್ಕವೋ, ಲೆಕ್ಕದ ಮಾತೋ ಎಂದು ಯಾರೂ ಕೇಳಿರುವುದಿಲ್ಲ.

2019ರಲ್ಲಿ ಇದೇ ವಿಷಯಕ್ಕೆ ಮಹಾರಾಷ್ಟ್ರದಲ್ಲಿ ದೊಡ್ಡ ಗಲಾಟೆ ಎದ್ದಿತ್ತು. ಪಠ್ಯಪುಸ್ತಕ ಹೊರತರುವ ಬಾಲಭಾರತಿ, ಎರಡನೇ ತರಗತಿಯ ಗಣಿತದಲ್ಲಿ ಹಳೆಯ ರೂಪದ ಜೊತೆಗೆ ‘ವೀಸ್ ಪಾಚ್’ ಎಂದೂ ಹೇಳಬಹುದೆಂದು ಅಚ್ಚು ಹಾಕಿಸಿತು. ಮರಾಠಿ ಕೆಟ್ಟಿತು ಎಂದರು, ನಗೆಯಾಡಿದರು. ಗಣಿತ ಸಮಿತಿಯ ಮುಂದಾಳಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ ಈ ಬದಲಾವಣೆಯ ಪರ ನಿಂತರು. ಭಾಷೆಯ ಸೊಗಸಿನ ಮಾತು ಬೇರೆ. ಎಣಿಕೆಯ ಮಟ್ಟಿಗೆ ಅವರು ಹೇಳಿದ್ದು ಸರಿ ಎಂದೇ ನನ್ನ ಎಣಿಕೆ. ತೆಂಕಣ ಭಾಷೆಗಳು ಎಂದಿನಿಂದಲೂ ಮಾಡುತ್ತಿರುವುದು ಅದನ್ನೇ ಅಲ್ಲವೇ?

ಮಂಗಲಾ ಅವರ ಪತಿ, ಖಗೋಳ ವಿಜ್ಞಾನಿ ಜಯಂತ ನಾರಳೀಕರ ಹುಟ್ಟಿದ್ದು ಕೊಲ್ಹಾಪುರದಲ್ಲಿ, 1938ರಲ್ಲಿ. ತಂದೆ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಆ ಮನೆಯ ಗೋಡೆಗೆ ಕರಿಹಲಗೆ ಇತ್ತು. ಓದಲು ಬಂದು ಅವರಲ್ಲಿ ಉಳಿದಿದ್ದ ಸೋದರಮಾವ ಅದರ ಮೇಲೆ ಒಂದು ಲೆಕ್ಕ ಬರೆದು, ‘ಇದು ಜಯಂತನಿಗೆ ಸವಾಲು’ ಎಂದು ತಲೆಬರಹ ಕೊಡುತ್ತಿದ್ದರು. ಹುಡುಗ ಬಿಡಿಸುವವರೆಗೆ, ಇಲ್ಲವೇ ಸೋತೆ ಎನ್ನುವವರೆಗೆ ಅದನ್ನು ಒರೆಸುತ್ತಿರಲಿಲ್ಲ. ಮಾವ ಮಾಡಿದ್ದು ನಮ್ಮ ಪರೀಕ್ಷೆಗೆ ತದ್ವಿರುದ್ಧ. ಒಂದೇ ಲೆಕ್ಕ, ಗಡಿಯಾರವಿಲ್ಲ, ಸೋತರೆ ಅಂಕಪಟ್ಟಿಯಲ್ಲಿ ಕೆಂಪು ಗೆರೆಯೂ ಇಲ್ಲ. ಊಟಕ್ಕೆ ಕೂತಾಗ, ಆಟಕ್ಕೆ ಹೊರಟಾಗ ಅದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮೂರು ತಾಸಿನಲ್ಲಿ ಹತ್ತು ಲೆಕ್ಕ ಮುಗಿಸುವ ಓಟದಲ್ಲಿ ಹುಟ್ಟುವ ಅಂಜಿಕೆ ಮೂರು ದಿನ ಒಂದೇ ಲೆಕ್ಕದ ಜೊತೆ ಬದುಕಿದಾಗ ಕರಗುತ್ತದೆ. ಕಾಲೇಜಿನ ಹಾಸ್ಟೆಲ್ ಪಡಸಾಲೆಗೂ ಒಂದು ಹಲಗೆ ಸಾಕು. ಮಾವ ಸಿಗದಿದ್ದರೆ ಮೇಲಿನ ತರಗತಿಯವರು ಬರೆಯಲಿ.

ಹಲಗೆಯ ಮೇಲಿನ ಲೆಕ್ಕ ಊರಿನದಾಗಿದ್ದರೆ ಇನ್ನೂ ಒಳ್ಳೆಯದು. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಅಲ್ಲಿನ ಮಗ್ಗದ ಮನೆಯ ಮಕ್ಕಳಿಗೆ ನೂಲಿನ ‘ಕೌಂಟ್’ ಗೊತ್ತು: ನಂಬರು ಏರಿದಷ್ಟೂ ಎಳೆ ಸಣ್ಣ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡು ತೂಗಲು ಎಷ್ಟು ಲಡಿ ಬೇಕೋ ಅದೇ ಕೌಂಟ್. ಈಗ 40ರ ಎಳೆಯನ್ನೂ 60ರ ಎಳೆಯನ್ನೂ ಸೇರಿಸಿ ಹುರಿ ಹಾಕಿದರೆ ಬರುವ ನೂಲಿನ ಕೌಂಟ್ ಎಷ್ಟು? 50 ಎಂದು ನಾಲಿಗೆ ತುದಿಗೆ ಬರುತ್ತದೆ. ಆದರೆ ಎರಡೆಳೆ ಕೂಡಿದ ನೂಲು ದಪ್ಪಗಾಗಬೇಕು, ನಂಬರು 40ಕ್ಕಿಂತ ಕೆಳಗಿಳಿಯಬೇಕು. ಇಷ್ಟನ್ನು ಬೆರಳೇ ಹೇಳುತ್ತದೆ. 120 ಲಡಿ ತೆಗೆದುಕೊಳ್ಳಿ. 40ರದ್ದು 3 ಪೌಂಡು, 60ರದ್ದು 2 ಪೌಂಡು. ಹುರಿಯಲ್ಲಿ ಕುಗ್ಗುವ ಉದ್ದವನ್ನು ಸದ್ಯಕ್ಕೆ ಬಿಟ್ಟರೆ, ಉದ್ದ ಅದೇ 120 ಲಡಿ, ತೂಕ 5 ಪೌಂಡು. ಪೌಂಡಿಗೆ 24.

ಭೌತಶಾಸ್ತ್ರದ ಪುಸ್ತಕದಲ್ಲಿ 40 ಮತ್ತು 60 ಓಮ್‌ಗಳ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ ನೋಡಿ. ಅಲ್ಲೂ 24. ವಿಲೋಮಗಳನ್ನು ಕೂಡಿಸಿ ಮತ್ತೆ ವಿಲೋಮ ಮಾಡು ಎಂದು ಸೂತ್ರ ಹೇಳಿದಾಗ ಕಣ್ಣು ಕಪ್ಪಿಟ್ಟ ಹುಡುಗಿಯ ಮನೆಯಲ್ಲಿ, ಅದೇ ಸೂತ್ರ ದಿನಾ ಖಟಖಟ ಸದ್ದು ಮಾಡುತ್ತಿರುತ್ತದೆ.

ಮೂರನೆಯದಾಗಿ 120ರ ಎಳೆಯೊಂದನ್ನು ಸೇರಿಸಿದರೆ? ಹಲಗೆಯ ಮೇಲೆ ಬರೆದಿಡಿ, ಒರೆಸಬೇಡಿ.