ಗೀಗೀ ಪದಗಳ ಒಳಗಿನ ಗಂಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ವಿದ್ಯಾರ್ಥಿಗಳಿಗೆ ಗೀಗೀ ಮೇಳದ ಪರಿಚಯ ಹೇಳಬೇಕಾಗಿಲ್ಲ. ಜಾತ್ರೆಯ ರಾತ್ರಿ ದಪ್ಪು, ತುಂತುಣಿ, ತಾಳಗಳನ್ನು ಹಿಡಿದು ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ತುರಾಯಿ ಪಕ್ಷದ ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ, ಕಲ್ಗಿ ಪಕ್ಷದ ನಾಗೇಶಿಯವರು ಹೆಣ್ಣು ಹೆಚ್ಚೆಂದು ವಾದಿಸುತ್ತಾರೆ. ಒಂದು ಪದಕ್ಕೆ ಇನ್ನೊಂದು ಪದ ಉತ್ತರ. ಹೀಗೆ ಬೆಳಗಿನವರೆಗೂ ಹಾಡುಗಳ ಸರಪಳಿ ಬೆಳೆಯುತ್ತದೆ. ಮೇಲುನೋಟಕ್ಕೆ ಇದು ಗಂಡ ಹೆಂಡಿರ ಜಗಳದಂತೆ ಕಾಣುತ್ತದೆ. ಆದರೆ ಬರೀ ಜಗಳ ಕೇಳಲು ಜನ ರಾತ್ರಿಯೆಲ್ಲ ಕೂರುವರೇ?

ಇಲ್ಲಿ ಗಂಡು ಎಂದರೆ ಶಿವ, ಹೆಣ್ಣು ಎಂದರೆ ಶಕ್ತಿ. ಚೈತನ್ಯ ದೊಡ್ಡದೋ, ಸೃಷ್ಟಿಸುವ ಪ್ರಕೃತಿ ದೊಡ್ಡದೋ ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಒಗಟಿನಲ್ಲಿ ಕಟ್ಟಿ ಎದುರಾಳಿಯ ಮುಂದಿಡುತ್ತಾರೆ. ಮಾದರಿಗೆ ನಾನೇ ಒಂದು ಪ್ರಶ್ನೆ ಮಾಡುತ್ತೇನೆ: ಒಂಬತ್ತು ಬಾಗಿಲಿನ ಮನೆಗೆ ಐದು ಮಂದಿ ಕಾವಲು, ಒಡೆಯ ಹೊರಟುಹೋದರೆ ಮನೆ ಬೀಳುತ್ತದೆ, ಅದು ಯಾವ ಮನೆ? ಉತ್ತರ, ನಮ್ಮ ದೇಹ. ಎರಡು ಕಣ್ಣು, ಎರಡು ಕಿವಿ, ಮೂಗಿನ ಎರಡು ಹೊಳ್ಳೆ, ಬಾಯಿ ಮತ್ತು ವಿಸರ್ಜನೆಯ ಎರಡು ದ್ವಾರಗಳೇ ಬಾಗಿಲುಗಳು. ಪಂಚೇಂದ್ರಿಯಗಳು ಕಾವಲುಗಾರರು. ಜೀವವೇ ಒಡೆಯ.

ಹಾಡಿನಲ್ಲಿ ಅರ್ಥವನ್ನು ಅಡಗಿಸುವುದು ಬೇರೆ ದೇಶಗಳಲ್ಲೂ ಉಂಟು. ರಷ್ಯದ ಸಂಗೀತ ಸಂಯೋಜಕ ಡಿಮಿಟ್ರಿ ಶೋಸ್ತಕೋವಿಚ್ 1948ರಲ್ಲಿ ಯಹೂದಿ ಜನಪದ ಕಾವ್ಯವನ್ನು ಆಧರಿಸಿ 11 ಹಾಡುಗಳ ಒಂದು ಗೀತಮಾಲೆ ರಚಿಸಿದ. ಮೊದಲ ಎಂಟರಲ್ಲಿ ದುಃಖ, ಕೊನೆಯ ಮೂರರಲ್ಲಿ ಸೋವಿಯತ್ ಬದುಕಿನ ಸಂತೋಷ. ಆ ಸಂತೋಷ ನಿಜವೋ ತೋರಿಕೆಯೋ ಎಂದು ಕೇಳುಗರು ಇಂದಿಗೂ ಚರ್ಚಿಸುತ್ತಾರೆ. ಅದೇ ವರ್ಷ ಸರ್ಕಾರ ಅವನ ಸಂಗೀತವನ್ನು ಖಂಡಿಸಿತ್ತು. ಸ್ಟಾಲಿನ್ 1953ರಲ್ಲಿ ತೀರಿಕೊಂಡ ಮೇಲೆ, 1955ರಲ್ಲಷ್ಟೇ ಈ ಹಾಡುಗಳು ಸಭೆಯ ಮುಂದೆ ಬಂದವು. ಅಲ್ಲಿ ಅರ್ಥ ಅಡಗಿದ್ದರೆ ಅದಕ್ಕೆ ಭಯ ಕಾರಣ. ನಮ್ಮ ಮೇಳಗಳಲ್ಲಿ ಅರ್ಥವನ್ನು ಅಡಗಿಸುವುದು ಇನ್ನೊಬ್ಬರು ಬಿಡಿಸಲಿ ಎಂದು.

ಈ ಮಾತನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಅಥಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ಚಿತ್ರೀಕರಿಸಿದೆವು. ಅರ್ಧ ಗಂಟೆಗೆ ಇಳಿಸುವಾಗ ಬಿರುಸಿನ ಸವಾಲುಗಳನ್ನು ಉಳಿಸಿಕೊಂಡು, ನಿಧಾನಗತಿಯ ಉತ್ತರಗಳನ್ನು ಕತ್ತರಿಸಿದೆ. ಪ್ರಸಾರವಾದ ಮೇಲೆ, ಹೆಣ್ಣನ್ನು ಹೀಗಳೆಯುವ ಹಾಡು ಏಕೆ ಬೇಕು ಎಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಳು. ಮೇಳದ ಹಿರಿಯರು ಹೇಳಿದ್ದು ಇಷ್ಟೇ: "ಗಂಟ ಕಟ್ಟಿದ್ದ ತೋರ್ಸಿದ್ರಿ ಸಾಹೇಬ್ರ, ಬಿಚ್ಚಿದ್ದ ತೋರ್ಸ್ಲಿಲ್ಲಲ್ರಿ."

ಇಬ್ಬರ ಮಾತೂ ನಿಜ. ಉತ್ತರ ಕೇಳಿದ್ದರೆ, ಶಿವ ಶಕ್ತಿಯರಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ ಎಂಬ ಕೊನೆಯ ರಾಜಿ ಅವಳಿಗೂ ತಲುಪುತ್ತಿತ್ತು.

ಪದಗಳನ್ನು ಅಚ್ಚು ಹಾಕಿಸಬಹುದು, ಧ್ವನಿಮುದ್ರಿಸಬಹುದು. ಗಂಟು ಬಿಚ್ಚುವ ಜಾಣ್ಮೆ ಮಾತ್ರ ಹೆಚ್ಚಾಗಿ ಹಾಡುಗಾರರ ನೆನಪಿನಲ್ಲೇ ಇದೆ. ಮುಂದಿನ ಜಾತ್ರೆಯಲ್ಲಿ ನಡುರಾತ್ರಿಗೇ ಎದ್ದು ಬರಬೇಡಿ. ಪದ ಮುಗಿದ ಮೇಲೆ ಹಾಡಿದವರ ಬಳಿ ಕುಳಿತು ಅರ್ಥ ಕೇಳಿ, ಬರೆದಿಟ್ಟುಕೊಳ್ಳಿ. ನಾನು ಕತ್ತರಿಸಿದ್ದನ್ನು ನೀವು ಉಳಿಸಬಲ್ಲಿರಿ.