ಎರಡು ಹಣ್ಣು, ಎರಡೂ ಮುಕ್ಕಾಲು ವರ್ಷ

ಕಳೆದ ತಿಂಗಳು ರಾಜ್ಯಶಾಸ್ತ್ರ ತರಗತಿಯಲ್ಲಿ ಮಾನವ ಹಕ್ಕುಗಳ ಪಾಠ ನಡೆಯುತ್ತಿತ್ತು. ಒಂದು ದೇಶದ ಸರಕಾರ ತನ್ನದೇ ಜನರನ್ನು ದಮನಿಸುವಾಗ ಬೇರೆ ದೇಶಗಳ ಜನರು ಬೀದಿಗಿಳಿದು ಪ್ರತಿಭಟಿಸುವುದರ ಬಗ್ಗೆ ಸರ್ ಹೇಳುತ್ತಿದ್ದರು. ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಸರ್, ಸಾವಿರಾರು ಮೈಲಿ ದೂರದಲ್ಲಿ ಫಲಕ ಹಿಡಿದು ನಿಂತರೆ ಅಲ್ಲಿನ ಪೊಲೀಸರ ಲಾಠಿ ನಿಲ್ಲುತ್ತದಾ?" ತರಗತಿ ನಕ್ಕಿತು. ಸರ್ ನಗಲಿಲ್ಲ. "ಯಾರಾದರೂ ನಡೆದ ಒಂದು ಘಟನೆಯನ್ನು ಸರಿಯಾಗಿ ಓದಿ, ಇದಕ್ಕೆ ನಮ್ಮ ಪತ್ರಿಕೆಯಲ್ಲಿ ಉತ್ತರ ಬರೆಯಿರಿ" ಎಂದರು. ಕೈ ಎತ್ತಿದವಳು ನಾನು. ಎತ್ತಿದ ಮೇಲೆ ಸ್ವಲ್ಪ ಹೆದರಿಕೆಯೂ ಆಯಿತು.

ನಾನು ಆರಿಸಿಕೊಂಡದ್ದು ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನಡೆದ ಒಂದು ಮುಷ್ಕರವನ್ನು. ಕಾರಣ ಸರಳ. ನನ್ನ ಅಕ್ಕ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಆ ಮುಷ್ಕರ ಶುರುವಾದದ್ದೂ ಒಂದು ಬಿಲ್ಲಿಂಗ್ ಕೌಂಟರಿನಲ್ಲೇ.

ಮೊದಲು ಹಿನ್ನೆಲೆ. 1948ರಿಂದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರಕಾರ ಜನಾಂಗದ ಆಧಾರದಲ್ಲಿ ಜನರನ್ನು ಬೇರ್ಪಡಿಸುವುದನ್ನೇ ಕಾನೂನು ಮಾಡಿತು. ಯಾರು ಎಲ್ಲಿ ವಾಸಿಸಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಮದುವೆಯಾಗಬಹುದು ಎಂಬುದನ್ನೆಲ್ಲ ಚರ್ಮದ ಬಣ್ಣ ತೀರ್ಮಾನಿಸುತ್ತಿತ್ತು. ಕರಿಯರು ತಮ್ಮದೇ ನೆಲದಲ್ಲಿ ಓಡಾಡಲು ಪಾಸ್ ಪುಸ್ತಕ ಇಟ್ಟುಕೊಳ್ಳಬೇಕಿತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಇದನ್ನು ವಿರೋಧಿಸಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. 1976ರ ಜೂನ್ 16ರಂದು ಸೊವೆಟೊದಲ್ಲಿ ಗುಂಡಿಗೆ ಎದೆಯೊಡ್ಡಿದವರು ಶಾಲಾ ಮಕ್ಕಳು. ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಮಾಡುವುದನ್ನು ಹೇರಬೇಡಿ ಎಂದು ಕೇಳಿದ್ದು ಅವರ ಅಪರಾಧ. ಅವರಲ್ಲಿ ಹಲವರದು ನಮ್ಮದೇ ವಯಸ್ಸು, ಕೆಲವರು ನಮಗಿಂತಲೂ ಚಿಕ್ಕವರು.

ಇನ್ನು ಡಬ್ಲಿನ್‌ಗೆ ಬರೋಣ. 1984ರ ಜುಲೈ 19. ಹೆನ್ರಿ ಬೀದಿಯ ಡನ್ಸ್ ಸ್ಟೋರ್ಸ್ ಎಂಬ ಅಂಗಡಿಯಲ್ಲಿ 21 ವರ್ಷದ ಮೇರಿ ಮ್ಯಾನಿಂಗ್ ಕೌಂಟರಿನಲ್ಲಿ ಕುಳಿತಿದ್ದರು. ದಕ್ಷಿಣ ಆಫ್ರಿಕಾದ ವಸ್ತುಗಳನ್ನು ಮುಟ್ಟಬಾರದು ಎಂದು ಅವರ ಕಾರ್ಮಿಕ ಸಂಘ ನಿರ್ಣಯ ಮಾಡಿತ್ತು. ಒಬ್ಬ ಗಿರಾಕಿ ಎರಡು ಗ್ರೇಪ್‌ಫ್ರೂಟ್ ತಂದಿಟ್ಟರು. ನಮ್ಮ ಚಕ್ಕೋತದ ಜಾತಿಯ ಹಣ್ಣು ಅದು. ಅವು ದಕ್ಷಿಣ ಆಫ್ರಿಕಾದ ಹಣ್ಣುಗಳು. ಇದಕ್ಕೆ ಬಿಲ್ ಹಾಕಲಾರೆ ಎಂದು ಮೇರಿ ಹೇಳಿದರು. ಆಡಳಿತದವರು ಅವರನ್ನು ಅಮಾನತು ಮಾಡಿದರು. ಸಂಘದ ಪ್ರತಿನಿಧಿಯಾಗಿದ್ದ ಕ್ಯಾರೆನ್ ಗೀರನ್ ಮತ್ತು ಇತರ ಸಹೋದ್ಯೋಗಿಗಳು ಮೇರಿಯ ಜೊತೆ ಹೊರನಡೆದರು. ಮುಂದೆ ಇನ್ನೊಂದು ಶಾಖೆಯ ಒಬ್ಬರೂ ಸೇರಿ ಒಟ್ಟು ಹನ್ನೊಂದು ಮಂದಿಯಾದರು. ಹೆಚ್ಚಿನವರು ಹುಡುಗಿಯರು.

ಇಷ್ಟು ಓದಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಸಂಬಳ?"

ಸಂಬಳ ಇರಲಿಲ್ಲ. ಸಂಘ ವಾರಕ್ಕೆ 21 ಪೌಂಡ್ ಭತ್ಯೆ ಕೊಡುತ್ತಿತ್ತು. ಮನೆ ಸಾಲ, ಬಾಡಿಗೆ ಎಲ್ಲವೂ ಅದರಲ್ಲೇ. ಒಂದೆರಡು ವಾರದಲ್ಲಿ ಮುಗಿದೀತು ಎಂದು ಅವರು ಅಂದುಕೊಂಡಿದ್ದರು. ಮುಗಿಯಲು ಎರಡು ವರ್ಷ ಒಂಬತ್ತು ತಿಂಗಳು ಹಿಡಿಯಿತು. ಮಳೆ, ಚಳಿಯೆನ್ನದೆ ಅಂಗಡಿಯ ಬಾಗಿಲಲ್ಲಿ ಫಲಕ ಹಿಡಿದು ನಿಂತರು. ಅವರನ್ನು ದಾಟಿಕೊಂಡೇ ಜನ ಒಳಗೆ ಹೋಗಿ ಸಾಮಾನು ತರುತ್ತಿದ್ದರು. ಬೈದವರಿದ್ದರು, ಉಗುಳಿದವರೂ ಇದ್ದರು.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಹೊರನಡೆದ ದಿನ ಆ ಹುಡುಗಿಯರಿಗೆ ವರ್ಣಭೇದ ನೀತಿಯ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಸಂಘ ಹೇಳಿತು, ಗೆಳತಿಗೆ ಶಿಕ್ಷೆಯಾಯಿತು, ಆದ್ದರಿಂದ ಹೊರಬಂದರು, ಅಷ್ಟೇ. ಅವರಿಗೆ ಪಾಠ ಹೇಳಿಕೊಟ್ಟದ್ದು ನಿಮ್ರೋಡ್ ಸೆಜಾಕೆ ಎಂಬ ದಕ್ಷಿಣ ಆಫ್ರಿಕಾದ ಕಾರ್ಮಿಕ ನಾಯಕ. 1956ರಲ್ಲಿ ಮಂಡೇಲಾ ಮತ್ತಿತರರ ಜೊತೆ ದೇಶದ್ರೋಹದ ಆರೋಪ ಹೊತ್ತು ಬಂಧಿತರಾಗಿದ್ದ ಅವರು ಆಗ ಐರ್ಲೆಂಡಿನಲ್ಲಿ ದೇಶಭ್ರಷ್ಟರಾಗಿ ಬದುಕುತ್ತಿದ್ದರು. ಅವರೂ ಬಂದು ಹುಡುಗಿಯರ ಜೊತೆ ಬೀದಿಯಲ್ಲಿ ನಿಂತರು. ಎಲ್ಲ ತಿಳಿದುಕೊಂಡ ಮೇಲೆಯೇ ಮಾತಾಡಬೇಕು ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರಲ್ಲ, ಇವರು ನಿಂತುಕೊಂಡೇ ಕಲಿತರು!

1984ರ ಡಿಸೆಂಬರಿನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಹೊರಟಿದ್ದ ಬಿಷಪ್ ಡೆಸ್ಮಂಡ್ ಟುಟು ಲಂಡನ್ನಿನಲ್ಲಿ ಮುಷ್ಕರನಿರತರನ್ನು ಭೇಟಿಯಾದರು. ಅಲ್ಲಿಯವರೆಗೆ ಕಣ್ಣೆತ್ತಿ ನೋಡದ ಪತ್ರಿಕೆಗಳು ಆಮೇಲೆ ಅವರನ್ನು ಹುಡುಕಿಕೊಂಡು ಬಂದವು. ಮರುವರ್ಷ ಜುಲೈಯಲ್ಲಿ ಟುಟು ಅವರ ಆಹ್ವಾನದ ಮೇರೆಗೆ ಅವರು ಜೋಹಾನ್ಸ್‌ಬರ್ಗ್‌ಗೆ ಹೋದರೆ, ಅಲ್ಲಿನ ಸರಕಾರ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸು ಕಳುಹಿಸಿತು. ಹಣ್ಣಿಗೆ ಬಿಲ್ ಹಾಕದ ಹುಡುಗಿಯರನ್ನು ಒಂದು ಸರಕಾರ ತನ್ನ ನೆಲದೊಳಗೆ ಬಿಟ್ಟುಕೊಳ್ಳಲಿಲ್ಲ. ಅವರು ನಿಂತಿದ್ದರಿಂದ ಏನೂ ಆಗುತ್ತಿಲ್ಲ ಎಂದಾದರೆ, ಆ ಸರಕಾರಕ್ಕೆ ಇಷ್ಟೊಂದು ಭಯವೇಕೆ?

ಕೊನೆಗೆ ಐರ್ಲೆಂಡ್ ಸರಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಗಳ ಆಮದನ್ನು ನಿಷೇಧಿಸಿತು. 1987ರ ಏಪ್ರಿಲ್‌ನಲ್ಲಿ ಮುಷ್ಕರ ಮುಗಿಯಿತು.

ಸರಿ, ಲಾಠಿ ನಿಂತಿತೇ? ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಘಟನೆ ಹೇಳಬೇಕು. ಕೇಪ್‌ಟೌನ್‌ನಲ್ಲಿ ಇಮಾಮ್ ಅಬ್ದುಲ್ಲಾ ಹಾರೂನ್ ಎಂಬವರಿದ್ದರು. ಸೆರೆಯಾದವರ ಮನೆಗಳಿಗೆ ಗುಟ್ಟಾಗಿ ಹಣ ತಲುಪಿಸುತ್ತಿದ್ದರು. 1969ರ ಮೇ 28ರಂದು, ಮೀಲಾದ್ ದಿನವೇ, ಪೊಲೀಸರು ಅವರನ್ನು ಬಂಧಿಸಿದರು. ವಿಚಾರಣೆಯೇ ಇಲ್ಲದೆ 123 ದಿನ ಕೂಡಿಟ್ಟರು. ಸೆಪ್ಟೆಂಬರ್ 27ರಂದು ಅವರು ಕಸ್ಟಡಿಯಲ್ಲೇ ಮೃತರಾದರು. ಮೆಟ್ಟಿಲಿನಿಂದ ಬಿದ್ದರು ಎಂದರು ಪೊಲೀಸರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವರಿಗಾಗಿ ಪ್ರಾರ್ಥನಾ ಸಭೆ ನಡೆಯಿತು. ಒಬ್ಬ ಇಮಾಮರಿಗಾಗಿ ಕ್ರೈಸ್ತರ ದೊಡ್ಡ ಚರ್ಚಿನಲ್ಲಿ! ಆದರೆ ಅವರ ಜೀವ ಉಳಿಯಲಿಲ್ಲ. ಚಿತ್ರಹಿಂಸೆಯಿಂದಲೇ ಸತ್ತರು ಎಂದು ಅಲ್ಲಿನ ನ್ಯಾಯಾಲಯ ಹೇಳಿದ್ದು 2023ರಲ್ಲಿ, 54 ವರ್ಷಗಳ ನಂತರ.

ಅಂದರೆ ಇಂದು ಎತ್ತಿದ ಲಾಠಿಯನ್ನು ದೂರದ ಪ್ರತಿಭಟನೆ ಇಂದೇ ತಡೆಯುವುದಿಲ್ಲ. ಹಿಂದಿನ ಬೆಂಚಿನ ಗೆಳೆಯ ಹೇಳಿದ್ದರಲ್ಲಿ ಅಷ್ಟು ನಿಜ ಇದೆ. ಆದರೆ ಅದು ಬೇರೆ ಕೆಲವು ಕೆಲಸ ಮಾಡುತ್ತದೆ. ಇಮಾಮ್ ಹಾರೂನ್ ಮೃತರಾದ ಸುದ್ದಿ ಲಂಡನ್ನಿಗೆ ಗೊತ್ತಾಯಿತು ಎಂಬುದೇ ಒಂದು. ಜೈಲಿನ ಕತ್ತಲಲ್ಲಿ ಮುಗಿಸಿದ್ದು ಅಲ್ಲಿಗೇ ಮುಗಿಯಲಿಲ್ಲ. ಇನ್ನೊಂದು ಹಣ. ಲಂಡನ್ನಿನ ಪಾದ್ರಿ ಜಾನ್ ಕಾಲಿನ್ಸ್ ಅವರ ನಿಧಿಯಿಂದ ಕೈದಿಗಳ ವಕೀಲರ ಶುಲ್ಕಕ್ಕೂ ಕುಟುಂಬಗಳಿಗೂ ನೆರವು ಹೋಗುತ್ತಿತ್ತು. ಸರಕಾರ ಅದನ್ನು ನಿಷೇಧಿಸಿದ ಮೇಲೆ ಬ್ರಿಟನ್ನಿನ ಸಾಮಾನ್ಯ ಜನರು, ಪರಿಚಯದವರು ಬರೆಯುವ ಹಾಗೆ, ಕೈದಿಗಳ ಮನೆಗಳಿಗೆ ಪತ್ರ ಬರೆದು ಹಣ ಕಳುಹಿಸತೊಡಗಿದರು. ಪತ್ರದಲ್ಲಿ ರಾಜಕೀಯದ ಮಾತೇ ಇರುತ್ತಿರಲಿಲ್ಲ. ಹವಾಮಾನ, ಮಕ್ಕಳ ಶಾಲೆ, ಕ್ಷೇಮ ಸಮಾಚಾರ, ಇಷ್ಟೇ. ಇದೂ ಪ್ರತಿಭಟನೆಯೇ ಎಂದು ನನ್ನ ಅಭಿಪ್ರಾಯ.

ಮೂರನೆಯದು ದಮನಕ್ಕೆ ಬೆಲೆ ತೆರುವಂತೆ ಮಾಡುವುದು. ಬ್ರಿಟನ್ನಿನ ವಿದ್ಯಾರ್ಥಿಗಳು ವರ್ಷಗಟ್ಟಲೆ ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಖಾತೆ ತೆರೆಯಬೇಡಿ ಎಂದು ಪ್ರಚಾರ ಮಾಡಿದರು. 1986ರಲ್ಲಿ ಆ ಬ್ಯಾಂಕ್ ದಕ್ಷಿಣ ಆಫ್ರಿಕಾದಿಂದ ಹೊರಬಂತು. 1985ರಲ್ಲಿ ಅಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಹಳೆಯ ಸಾಲವನ್ನು ಮುಂದುವರಿಸಲು ಒಪ್ಪಲಿಲ್ಲ. ಅಲ್ಲಿನ ಕರೆನ್ಸಿ ಕುಸಿಯಿತು. ಮರುವರ್ಷ ಅಧ್ಯಕ್ಷ ರೇಗನ್ ಅವರ ವೀಟೊವನ್ನೂ ಮೀರಿ ಅಮೆರಿಕದ ಸಂಸತ್ತು ನಿರ್ಬಂಧದ ಕಾನೂನು ತಂದಿತು. ದಮನ ಮಾಡುವ ಸರಕಾರಕ್ಕೂ ಸಾಲ ಬೇಕು, ಗಿರಾಕಿ ಬೇಕು.

ಅಂದಹಾಗೆ, ಈ ವಿಷಯದಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಯುರೋಪ್ ಅಲ್ಲ, ನಮ್ಮ ಭಾರತ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು ಮತ್ತು ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲೇ ಇಲ್ಲ. ಕಪ್ಪು ಅವರ ಪಾಲಾಯಿತು. ಕ್ರೀಡಾಪ್ರೇಮಿಗಳಿಗೆ ಇದು ಸಣ್ಣ ತ್ಯಾಗವಲ್ಲ.

ಬಹಿಷ್ಕಾರದಿಂದ ಕೆಲಸ ಕಳೆದುಕೊಳ್ಳುವವರು ಕರಿಯ ಕಾರ್ಮಿಕರೇ ಅಲ್ಲವೇ ಎಂಬ ಆಕ್ಷೇಪವೂ ಆಗ ಜೋರಾಗಿತ್ತು. ಅದು ಸುಳ್ಳು ಆಕ್ಷೇಪವಲ್ಲ, ನಷ್ಟ ಅವರಿಗೂ ಆಗುತ್ತಿತ್ತು. ಆದರೆ ನಾವು ಈಗಾಗಲೇ ನರಳುತ್ತಿದ್ದೇವೆ, ನಿರ್ಬಂಧ ಹೇರಿ ಎಂದು ಟುಟು ಅವರಂಥವರು ಕೇಳಿಕೊಂಡರು. ನನಗೆ ಮುಖ್ಯವೆನಿಸುವುದು ಇದೇ. ದೂರದವರು ತಮಗೆ ತೋಚಿದ್ದನ್ನು ಮಾಡಲಿಲ್ಲ, ಹೊಡೆತ ತಿನ್ನುತ್ತಿದ್ದವರು ಕೇಳಿದ್ದನ್ನು ಮಾಡಿದರು. ವರ್ಣಭೇದವನ್ನು ಕೆಡವಿದವರು ದಕ್ಷಿಣ ಆಫ್ರಿಕಾದ ಜನರೇ. ಡಬ್ಲಿನ್‌ನ ಹುಡುಗಿಯರಲ್ಲ. ಹಾಗೆಂದು ಆ ಹುಡುಗಿಯರೂ ಹೇಳಿಕೊಂಡವರಲ್ಲ.

1990ರಲ್ಲಿ ಬಿಡುಗಡೆಯಾದ ಮಂಡೇಲಾ ಡಬ್ಲಿನ್‌ಗೆ ಬಂದಾಗ ಅವರನ್ನು ಭೇಟಿಯಾದರು. 2013ರಲ್ಲಿ ಮಂಡೇಲಾ ಅವರ ಅಂತ್ಯಸಂಸ್ಕಾರಕ್ಕೆ ಮೇರಿಯೂ ಹೋಗಿದ್ದರು.

ಬರೆದು ಮುಗಿಸಿ ಅಕ್ಕನಿಗೆ ಓದಿ ಹೇಳಿದೆ. "ಮತ್ತೆ ಕೆಲಸ ಸಿಕ್ಕಿತಾ ಅವಳಿಗೆ?" ಎಂದಳು. ಮುಷ್ಕರದ ನಂತರ ಮೇರಿ ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಿ ಕೆಲವು ವರ್ಷ ಇದ್ದರು ಎಂದೆ. ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಇಪ್ಪತ್ತೊಂದು ಪೌಂಡಿನ ವಿಷಯ ತೆಗೆಯಬೇಡ, ಅದನ್ನು ಬರೆ" ಎಂದಳು.