ದೋಷದ ವಹಿಯಲ್ಲಿ ಹೊಸಬರ ಹೆಸರು

ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣದ ತುದಿಗೆ ಸಮೀಪವಾಗಿರುವ ಮೌಂಟನ್ ವ್ಯೂ ಎಂಬ ಊರು ಇಂದು ನಮ್ಮವರಲ್ಲಿ ಅನೇಕರಿಗೆ ಬೆಂಗಳೂರಿನ ಇನ್ನೊಂದು ಬಡಾವಣೆಯಷ್ಟೇ ಪರಿಚಿತವಾದುದು. ಅಲ್ಲಿಯ ಮಿಡ್ಲ್‌ಫೀಲ್ಡ್ ರಸ್ತೆಯಲ್ಲಿದ್ದ ನೆಟ್‌ಸ್ಕೇಪ್ ಸಂಸ್ಥೆಯು ತನ್ನ ಬ್ರೌಸರಿನ ಮೂಲಸಂಕೇತವನ್ನು ಲೋಕಕ್ಕೆಲ್ಲ ಬಿಟ್ಟುಕೊಡುವುದಾಗಿ 1998ರ ಜನವರಿಯಲ್ಲಿ ಸಾರಿ, ಮಾರ್ಚ್ 31ರಂದು ನುಡಿದಂತೆ ನಡೆದಾಗ, ಹೊರಗಿನವರೂ ಬಂದು ತಪ್ಪುಗಳನ್ನು ಬರೆದಿಡಬಹುದಾದ ಒಂದು ವಹಿ ಅವಶ್ಯವಾಯಿತು. ಟೆರಿ ವೈಸ್‌ಮನ್ ಎಂಬ ಎಂಜಿನಿಯರು ಇದಕ್ಕಾಗಿ ನಿರ್ಮಿಸಿದ ಸಾಧನವೇ ಬಗ್‌ಜಿಲ್ಲಾ. ಮೊದಲು ಟಿಸಿಎಲ್ ಭಾಷೆಯಲ್ಲಿದ್ದ ಅದನ್ನು ಅವರು ಪರ್ಲ್ ಭಾಷೆಗೆ ತಂದು ಅದೇ ವರ್ಷ ಎಲ್ಲರ ಕೈಗೂ ಒಪ್ಪಿಸಿದರು.

ಈ ವಹಿಯ ಕ್ರಮ ಸರಳವಾದುದು. ದೋಷಕ್ಕೊಂದು ಸಂಖ್ಯೆ, ಅದನ್ನು ವಹಿಸಿಕೊಂಡವನ ಹೆಸರು, ಅದರ ಸದ್ಯದ ಸ್ಥಿತಿ, ಅದರ ಕೆಳಗೆ ಸಂಬಂಧಪಟ್ಟವರು ಆಡಿದ ಮಾತು—ಇಷ್ಟು ದಾಖಲಾಗುತ್ತದೆ. ಒಮ್ಮೆ ಬರೆದ ಮಾತು ಅಳಿಯುವುದಿಲ್ಲ. ಆದರೆ ತಪ್ಪನ್ನು ಬರೆಯಲೆಂದು ಹುಟ್ಟಿದ ಈ ವಹಿಯೇ ಹೊಸಬರನ್ನು ಒಳಗೆ ಕರೆದುಕೊಳ್ಳುವ ಹೊಸ್ತಿಲೂ ಆದದ್ದು ಸ್ವಾರಸ್ಯವಾದ ಸಂಗತಿ.

ಲಿನಕ್ಸ್ ಬಳಗದ ಫೆಡೋರಾ ಯೋಜನೆಯನ್ನು ನೋಡೋಣ. ಯಾರೋ ಬರೆದ ತಂತ್ರಾಂಶವು ಅಲ್ಲಿಯ ಭಂಡಾರವನ್ನು ಸೇರಬೇಕಾದರೆ, ಅದು ಏನು, ಯಾವುದನ್ನು ಆಶ್ರಯಿಸಿದೆ, ಯಾವ ಲೈಸೆನ್ಸಿಗೆ ಒಳಪಟ್ಟಿದೆ ಎಂಬ ವಿವರಗಳೊಡನೆ ಅದನ್ನು ಪ್ಯಾಕೇಜು ಮಾಡಬೇಕು. ಹಾಗೆ ಮಾಡಿದವನು ರೆಡ್ ಹ್ಯಾಟ್ ಸಂಸ್ಥೆಯ ಬಗ್‌ಜಿಲ್ಲಾದಲ್ಲಿ, ದೋಷವೊಂದನ್ನು ದೂರುವ ರೀತಿಯಲ್ಲಿಯೇ, ತನ್ನ ಪ್ಯಾಕೇಜನ್ನು ಪರಿಶೀಲಿಸಬೇಕೆಂಬ ಬಿನ್ನಹವನ್ನು ದಾಖಲಿಸುತ್ತಾನೆ. ಪರಿಶೀಲಿಸಲು ಒಪ್ಪಿದವನು ಆ ಬಿನ್ನಹವನ್ನು ತನ್ನ ಹೆಸರಿಗೆ ಬರೆದುಕೊಂಡು, ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ಲೈಸೆನ್ಸಿನ ಹೇಳಿಕೆಯು ಒಳಗಿನ ಕಡತಗಳಿಗೆ ಹೊಂದುತ್ತದೆಯೆ, ಬೇರೆ ಯಾವ ಸಾಮಗ್ರಿಯೂ ಇಲ್ಲದ ಶುದ್ಧ ಆವರಣದಲ್ಲಿಯೂ ಅದು ಕಟ್ಟಿಕೊಳ್ಳುತ್ತದೆಯೆ ಎಂಬುದನ್ನೆಲ್ಲ ಒಂದೊಂದಾಗಿ ನೋಡಿ, ತೃಪ್ತನಾದ ಮೇಲೆ ಪ್ರಶ್ನೆಯನ್ನು ಅಳಿಸಿ ಕೂಡುವ ಚಿಹ್ನೆಯನ್ನು ಹಾಕುತ್ತಾನೆ. ಮೊದಲ ಬಾರಿಗೆ ಬಂದವನಿಗೆ ಅನುಭವಿಯೊಬ್ಬನು ಹೊಣೆ ನಿಲ್ಲಬೇಕೆಂಬ ನಿಯಮವೂ ಉಂಟು.

ಈ ಶ್ರಮವು ಬಹುಮಟ್ಟಿಗೆ ಸ್ವಯಂಸೇವಕರದು. ಆದುದರಿಂದ ಬಿನ್ನಹಗಳು ತಿಂಗಳುಗಟ್ಟಲೆ ಕಾದು ಕುಳಿತಿರುವುದುಂಟು. ಸಲ್ಲಿಸಿದವನೇ ಮೌನವಾದರೆ ಅದು ಸತ್ತ ಪರಿಶೀಲನೆಯೆಂದು ಮುಚ್ಚಿಹೋಗುವುದೂ ಉಂಟು. ಇದಕ್ಕೆ ಅವರು ಕಂಡುಕೊಂಡ ಉಪಾಯ, ನಾಟಿಯ ಕಾಲದಲ್ಲಿ ನಮ್ಮ ರೈತರು ಪಾಲಿಸುತ್ತಿದ್ದ ಮುಯ್ಯಾಳಿನ ಪದ್ಧತಿಯೇ ಸರಿ: ನಿನ್ನದನ್ನು ನಾನು ನೋಡುತ್ತೇನೆ, ನನ್ನದನ್ನು ನೀನು ನೋಡು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯ ವಹಿ ಬಗ್‌ಜಿಲ್ಲಾ ಅಲ್ಲ, ಇಮೇಲಿನ ಮೂಲಕ ನಡೆಯುವ ಬೇರೊಂದು. ಆದರೆ ಅದರ ತರ್ಕ ಇನ್ನೂ ಒಂದು ಹೆಜ್ಜೆ ಮುಂದಿನದು. ಉಪಯುಕ್ತವಾದ ತಂತ್ರಾಂಶವೊಂದು ಭಂಡಾರದಲ್ಲಿ ಇಲ್ಲದಿರುವುದೇ ಅಲ್ಲಿ ಒಂದು ದೋಷ. ಬೇಕೆಂದು ಕೇಳುವವನೂ, ತಾನೇ ಸಿದ್ಧಪಡಿಸುವೆನೆಂದು ಸಂಕಲ್ಪಿಸುವವನೂ ಅದನ್ನು ದೋಷವೆಂದೇ ಬರೆಯುತ್ತಾರೆ. ಅದರ ತೀವ್ರತೆಯ ಅಂಕಣದಲ್ಲಿ ಮಾತ್ರ ಬರಿಯ ‘ಹಾರೈಕೆ’ ಎಂದಿರುತ್ತದೆ. ಪಾಲಕನನ್ನು ಕಳೆದುಕೊಂಡ ಪ್ಯಾಕೇಜನ್ನು ‘ಅನಾಥ’ವೆಂದು ಬರೆಯತಕ್ಕದ್ದೂ ಅದೇ ವಹಿಯಲ್ಲಿ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳು ಇಂದು ಈ ಭಂಡಾರದಲ್ಲಿವೆ. ಲೋಹಿತ್ ಕನ್ನಡವು ಫೆಡೋರಾದಲ್ಲಿಯೂ ಡೆಬಿಯನ್ನಿನಲ್ಲಿಯೂ ಉಂಟು.

ಪ್ರವೇಶವನ್ನು ನಿರ್ಣಯಿಸುವ ಸಂಸ್ಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ನಿರ್ಣಯದ ಕಾರಣಗಳನ್ನೆಲ್ಲ, ನಿರಾಕರಣೆಯದನ್ನೂ ಸೇರಿಸಿ, ಸಂಖ್ಯೆ ಕೊಟ್ಟು ಎಲ್ಲರೂ ಓದುವಂತೆ ಇರಿಸುವವು ವಿರಳ. ಹೊಸಬನ ಕೃತಿಗೂ ಹಳಬರ ತಪ್ಪಿಗೂ ಒಂದೇ ವಹಿ ಎಂಬ ಏರ್ಪಾಡಿನಲ್ಲಿರುವ ಸಮದೃಷ್ಟಿಯನ್ನು ನಾನು ಅದರ ಮುಖ್ಯ ಗುಣವೆಂದು ಭಾವಿಸುತ್ತೇನೆ.

ಡೆಬಿಯನ್ನಿನ ಪ್ಯಾಕೇಜಿನೊಳಗೆ ಅದರ ಬದಲಾವಣೆಗಳ ದಿನಚರಿಯೊಂದು ಇರುತ್ತದೆ. ತಿರುವಿ ಅದರ ತಳಕ್ಕೆ ಹೋದರೆ, ಎಲ್ಲಕ್ಕಿಂತ ಹಳೆಯದಾದ ನಮೂದು ಸಾಮಾನ್ಯವಾಗಿ ಇಷ್ಟೇ: ಇದು ಮೊದಲ ಬಿಡುಗಡೆ, ಇಂತಿಷ್ಟನೆಯ ದೋಷ ಇಲ್ಲಿಗೆ ಮುಗಿಯಿತು.